ಜಿ-ಸಿಎಸ್‌ಎಫ್ ಶುದ್ಧೀಕರಣ: ದೋಷ ಕಂಡಾಗ ಎರಡು ಹೆಜ್ಜೆ ಹಿಂದಕ್ಕೆ ನೋಡಿ

ಹುಟ್ಟಿನಿಂದಲೇ ನ್ಯೂಟ್ರೋಫಿಲ್ ಕೊರತೆ ಇರುವ ಮಗುವಿನ ರಕ್ತದಲ್ಲಿ ಈ ಬಿಳಿರಕ್ತಕಣಗಳು ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆ ಇರುತ್ತವೆ. ಬಾಯಿ ಹುಣ್ಣು, ಕೀವುಗುಳ್ಳೆ, ನ್ಯುಮೋನಿಯಾ ಬಿಟ್ಟೂ ಬಿಡದೆ ಕಾಡುತ್ತವೆ. ಸ್ವೀಡನ್ನಿನ ವೈದ್ಯ ರೋಲ್ಫ್ ಕೋಸ್ಟ್‌ಮನ್ 1956ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ದಾಖಲಿಸಿದಾಗ ಇದಕ್ಕೆ ಮದ್ದೇ ಇರಲಿಲ್ಲ. ಮೂಳೆಮಜ್ಜೆಗೆ 'ನ್ಯೂಟ್ರೋಫಿಲ್ ತಯಾರಿಸು' ಎಂದು ಸಂದೇಶ ಕೊಡುವ ಪ್ರೋಟೀನು ಜಿ-ಸಿಎಸ್‌ಎಫ್. 1983ರಲ್ಲಿ ಮೆಲ್ಬರ್ನ್‌ನಲ್ಲಿ ಇಲಿಯದು ಶುದ್ಧರೂಪದಲ್ಲಿ ಸಿಕ್ಕಿತು, 1985ರಲ್ಲಿ ಕಾರ್ಲ್ ವೆಲ್ಟೆ ಮತ್ತು ಸಂಗಡಿಗರು ಮನುಷ್ಯರದನ್ನು ಪಡೆದರು, 1986ರಲ್ಲಿ ಜೀನು ಕೈಗೆ ಬಂತು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾದ ಜಿ-ಸಿಎಸ್‌ಎಫ್ ಮದ್ದು ಫಿಲ್‌ಗ್ರಾಸ್ಟಿಮ್‌ಗೆ ಅಮೆರಿಕದಲ್ಲಿ 1991ರಲ್ಲಿ ಅನುಮತಿ ದೊರೆಯಿತು. ಇದರ ದೀರ್ಘಕಾಲಿಕ ರೂಪವಾದ ಪೆಗ್‌ಫಿಲ್‌ಗ್ರಾಸ್ಟಿಮ್‌ನ ಬಯೋಸಿಮಿಲರ್‌ಗೆ (ಮೂಲ ಮದ್ದನ್ನು ಹೋಲುವ ಜೈವಿಕ ಮದ್ದು) ಬೆಂಗಳೂರಿನ ಬಯೋಕಾನ್ ಮತ್ತು ಅದರ ಪಾಲುದಾರ ಮೈಲಾನ್ 2018ರಲ್ಲಿ ಅಲ್ಲಿಯೇ ಅನುಮತಿ ಪಡೆದವು. ಹಾಗಾಗಿ ನಮ್ಮೂರಿನ ಎಷ್ಟೋ ಹುಡುಗ ಹುಡುಗಿಯರು ದಿನವೂ ಕೈಯಾಡಿಸುವ ಪ್ರೋಟೀನು ಇದು.

ಈ ಬರಹ ಲ್ಯಾಬಿನಲ್ಲಿ, ಪೈಲಟ್ ಘಟಕದಲ್ಲಿ ಜಿ-ಸಿಎಸ್‌ಎಫ್ ಶುದ್ಧಮಾಡುವವರಿಗಾಗಿ. ಮೊದಲೇ ಹೇಳಿಬಿಡಬೇಕಾದ ಮಾತು: ಈ ಪ್ರೋಟೀನಿನಲ್ಲಿ ದೋಷ ಹುಟ್ಟುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಕಾಲಂ (ಪ್ರೋಟೀನನ್ನು ಹಿಡಿದು ಬೇರ್ಪಡಿಸುವ ರಾಳ ತುಂಬಿದ ಕೊಳವೆ) ಕೈಕೊಟ್ಟಿತು ಎಂದು ಕಾಲಂ ಬದಲಿಸಿದರೆ ಪ್ರಯೋಜನವಿಲ್ಲ, ತಪ್ಪು ಎರಡು ಹೆಜ್ಜೆ ಹಿಂದೆ ಕರಗಿಸುವ ದ್ರಾವಣದಲ್ಲಿ ಆಗಿರುತ್ತದೆ.

ಅಣುವಿನ ಸ್ವಭಾವ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ

ಬ್ಯಾಕ್ಟೀರಿಯಾದಲ್ಲಿ ತಯಾರಾಗುವ ರೂಪದಲ್ಲಿ 175 ಅಮೈನೋ ಆಮ್ಲಗಳಿವೆ. ತೂಕ ಸುಮಾರು 18,799 ಡಾಲ್ಟನ್, ಸಕ್ಕರೆಯ ಸರಪಣಿ ಇಲ್ಲ. ಐದು ಸಿಸ್ಟೀನ್‌ಗಳಲ್ಲಿ 36 ಮತ್ತು 42, 64 ಮತ್ತು 74 ಜೋಡಿಯಾಗಿ ಎರಡು ಡೈಸಲ್ಫೈಡ್ ಕೊಂಡಿ ಕಟ್ಟುತ್ತವೆ. 17ನೆಯದು ಒಂಟಿ. ತಂಟೆ ತರುವುದು ಈ ಒಂಟಿ ಸಿಸ್ಟೀನೇ. ಪಿಎಚ್ 7ರ ಮೇಲೆ ಹೋದಷ್ಟೂ ಅದು ಚುರುಕಾಗಿ ಪಕ್ಕದ ಅಣುವಿನೊಂದಿಗೆ ಕೊಂಡಿ ಹಾಕಿಕೊಳ್ಳುತ್ತದೆ, ಪ್ರೋಟೀನು ಮುದ್ದೆಗಟ್ಟುತ್ತದೆ. ಪಿಎಚ್ 4ರ ಸುತ್ತ, ಉಪ್ಪು ಕಡಿಮೆ ಇರುವ ಕಡೆ ತಿಂಗಳುಗಟ್ಟಲೆ ತೆಪ್ಪಗಿರುತ್ತದೆ. ಆಮ್ಲವೇ ಇದರ ತವರು. ಆದರೆ ಕೊಂಡಿಗಳು ಸರಿಯಾಗಿ ಕೂಡಬೇಕಾದರೆ ಪಿಎಚ್ 8ರ ಮೇಲೆ ಹೋಗಲೇಬೇಕು. ಹೋಗಿ, ಕೆಲಸ ಮುಗಿಸಿ, ಬೇಗ ತವರಿಗೆ ಮರಳಬೇಕು. ಸಮವಿದ್ಯುತ್ ಬಿಂದು 6.1ರ ಆಸುಪಾಸು ಇರುವುದರಿಂದ ಮರಳುವ ದಾರಿಯಲ್ಲಿ ಒಂದು ಅಪಾಯದ ತಿರುವು ಇದೆ, ಅದನ್ನು ಮುಂದೆ ನೋಡೋಣ.

ಹೋಲಿಕೆಗೆ ಒಂದು ಸರಿಯಾದ ದಾರಿ

ದೋಷ ಗುರುತಿಸಲು ಸರಿಯಾದದ್ದು ಹೇಗಿರುತ್ತದೆಂದು ಗೊತ್ತಿರಬೇಕು. ಕೆಳಗಿನ ಕ್ರಮವನ್ನು ಆಧಾರವಾಗಿ ಇಟ್ಟುಕೊಳ್ಳಿ.

10 ಗ್ರಾಂ ಹಸಿ ಕೋಶಕ್ಕೆ 100 ಮಿ.ಲೀ. ಬಫರ್: 50 ಮಿಲಿಮೋಲಾರ್ ಟ್ರಿಸ್, ಪಿಎಚ್ 8.0, 5 ಮಿಲಿಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ವಸ್ತು). ಹೋಮೋಜಿನೈಸರ್‌ನಲ್ಲಿ 800 ಬಾರ್ ಒತ್ತಡದಲ್ಲಿ ಮೂರು ಸಲ ಹಾಯಿಸಿ. 10,000 ಜಿ ವೇಗದಲ್ಲಿ 4 ಡಿಗ್ರಿಯಲ್ಲಿ 30 ನಿಮಿಷ ತಿರುಗಿಸಿ ಇನ್‌ಕ್ಲೂಷನ್ ಬಾಡಿಗಳ (ಕೋಶದೊಳಗೆ ಮಡಿಯದೆ ಮುದ್ದೆಗಟ್ಟಿದ ಪ್ರೋಟೀನಿನ ಕಣಗಳು) ಗಸಿ ತೆಗೆಯಿರಿ. ಅದನ್ನು ಒಮ್ಮೆ 1% ಟ್ರೈಟಾನ್ ಎಕ್ಸ್-100 (ಒಂದು ಮಾರ್ಜಕ) ಇರುವ ಬಫರ್‌ನಲ್ಲಿ, ಒಮ್ಮೆ 2 ಮೋಲಾರ್ ಯೂರಿಯಾದಲ್ಲಿ, ಕೊನೆಗೆ ಬರೀ ಟ್ರಿಸ್‌ನಲ್ಲಿ ಎರಡು ಸಲ ತೊಳೆಯಿರಿ. 8 ಮೋಲಾರ್ ಯೂರಿಯಾ, 50 ಮಿಲಿಮೋಲಾರ್ ಟ್ರಿಸ್ ಪಿಎಚ್ 8.5, 1 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಡಿಟಿಟಿ (ಡೈಸಲ್ಫೈಡ್ ಕೊಂಡಿ ಬಿಡಿಸುವ ವಸ್ತು) ಇರುವ ದ್ರಾವಣದಲ್ಲಿ ಕೋಣೆಯ ತಾಪಮಾನದಲ್ಲಿ ಒಂದೂವರೆ ಗಂಟೆ ಕರಗಿಸಿ, ತಿಳಿಯನ್ನು ಮಿ.ಲೀ.ಗೆ 4 ಮಿ.ಗ್ರಾಂ ಪ್ರೋಟೀನಿಗೆ ಹೊಂದಿಸಿ.

ಮಡಿಕೆಯ (ಬಿಚ್ಚಿಕೊಂಡ ಪ್ರೋಟೀನು ಮತ್ತೆ ಸರಿಯಾದ ಆಕಾರಕ್ಕೆ ಮಡಿಯುವ ಹಂತ) ಬಫರ್: 50 ಮಿಲಿಮೋಲಾರ್ ಟ್ರಿಸ್, 2 ಮೋಲಾರ್ ಯೂರಿಯಾ, 5% ಸಾರ್ಬಿಟಾಲ್, 1 ಮಿಲಿಮೋಲಾರ್ ಇಡಿಟಿಎ, 1 ಮಿಲಿಮೋಲಾರ್ ಆಕ್ಸಿಡೈಸ್ಡ್ ಗ್ಲುಟಾಥಯೋನ್ (ಕೊಂಡಿ ಕಟ್ಟಿಸುವ ವಸ್ತು), 8 ಡಿಗ್ರಿಯಲ್ಲಿ ಪಿಎಚ್ 8.2. ಇದರೊಳಗೆ 20 ಪಟ್ಟು ತೆಳುವಾಗುವಂತೆ ಪ್ರೋಟೀನನ್ನು ನಿಧಾನವಾಗಿ ಇಳಿಸಿ, 18 ಗಂಟೆ ಬಿಡಿ. ಆಮೇಲೆ 2 ಮೋಲಾರ್ ಅಸಿಟಿಕ್ ಆಮ್ಲದಿಂದ ಪಿಎಚ್ 4.5ಕ್ಕೆ ತಂದು, ಎರಡು ಗಂಟೆ ಬಿಟ್ಟು, ಕೂತ ಗಸಿಯನ್ನು ಸೋಸಿ. 20 ಮಿಲಿಮೋಲಾರ್ ಸೋಡಿಯಂ ಅಸಿಟೇಟ್ ಪಿಎಚ್ 4.5ಕ್ಕೆ ಬಫರ್ ಬದಲಿಸಿ, ಧನ ವಿದ್ಯುದಂಶದ ಪ್ರೋಟೀನನ್ನು ಹಿಡಿಯುವ ಎಸ್‌ಪಿ ಸೆಫರೋಸ್ ಕಾಲಂಗೆ ಹಾಕಿ, ಸೊನ್ನೆಯಿಂದ 0.4 ಮೋಲಾರ್ ಉಪ್ಪಿನ ಏರಿಕೆಯಲ್ಲಿ ಇಳಿಸಿಕೊಳ್ಳಿ. ಅಂದೇ ಉಪ್ಪು ತೆಗೆದು 10 ಮಿಲಿಮೋಲಾರ್ ಅಸಿಟೇಟ್ ಪಿಎಚ್ 4.0, 5% ಸಾರ್ಬಿಟಾಲ್, 0.004% ಪಾಲಿಸಾರ್ಬೇಟ್ 80 ಇರುವ ಕೊನೆಯ ದ್ರಾವಣಕ್ಕೆ ತನ್ನಿ.

ಪ್ರತಿ ಹಂತದಲ್ಲೂ ಒಂದು ಮಿ.ಲೀ. ಮಾದರಿ ಎತ್ತಿಡದೆ ಮುಂದೆ ಹೋಗಬೇಡಿ. ತೊಳೆದು ಚೆಲ್ಲುವ ನೀರಿನದೂ ಸೇರಿ. ಮಡಿಕೆಯ ಹಂತದ ಮಾದರಿಗಳನ್ನು ಎತ್ತಿಟ್ಟರೆ ಸಾಲದು, ಅಲ್ಲೇ 50 ಮಿಲಿಮೋಲಾರ್ ಅಯೋಡೋಅಸಿಟಮೈಡ್ ಸೇರಿಸಿ ಕತ್ತಲಲ್ಲಿ 15 ನಿಮಿಷ ಇಡಿ. ಇಲ್ಲದಿದ್ದರೆ ಟ್ಯೂಬಿನೊಳಗೇ ಕೊಂಡಿಗಳು ಅದಲುಬದಲಾಗುತ್ತಾ ಹೋಗುತ್ತವೆ. ಮರುದಿನ ಜೆಲ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಪರೀಕ್ಷೆ) ಕಾಣುವುದು ಟ್ಯೂಬಿನಲ್ಲಿ ಆದದ್ದೇ ಹೊರತು ನಿಮ್ಮ ಪಾತ್ರೆಯಲ್ಲಿ ಆದದ್ದಲ್ಲ.

ಕೋಶ ಒಡೆದ ದ್ರಾವಣ ಅಂಟಂಟಾಗಿದೆ

ಪಿಪೆಟ್ ಎತ್ತಿದರೆ ಬೆಂಡೆಕಾಯಿ ಲೋಳೆಯಂತೆ ನೂಲು ಬಿಡುತ್ತದೆ, ತಿರುಗಿಸಿದರೆ ಗಸಿ ಗಟ್ಟಿಯಾಗಿ ಕೂರುವುದಿಲ್ಲ. ಇದು ಬ್ಯಾಕ್ಟೀರಿಯಾದ ಡಿಎನ್‌ಎ. ಹೋಮೋಜಿನೈಸರ್‌ನಲ್ಲಿ ಇನ್ನೊಂದು ಸಲ ಹಾಯಿಸಿದರೆ ಸಾಮಾನ್ಯವಾಗಿ ತೆಳುವಾಗುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವ ಹಾಕಿಯೂ ಲೋಳೆ ಹೋಗಿಲ್ಲವೆಂದರೆ ಬಫರ್‌ನ ಪಟ್ಟಿ ನೋಡಿ. ಕಿಣ್ವಕ್ಕೆ 2 ಮಿಲಿಮೋಲಾರ್ ಮೆಗ್ನೀಸಿಯಂ ಬೇಕು, ಅದೇ ಬಫರ್‌ನಲ್ಲಿರುವ 5 ಮಿಲಿಮೋಲಾರ್ ಇಡಿಟಿಎ ಅದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಕಿಣ್ವ ಬಳಸುವುದಾದರೆ ಇಡಿಟಿಎ ಇಲ್ಲದ ಬಫರ್‌ನಲ್ಲಿ ಅರ್ಧ ಗಂಟೆ ಬಿಡಿ, ಆಮೇಲೆ ಇಡಿಟಿಎ ಸೇರಿಸಿ.

ತೊಳೆದ ಗಸಿಯ ಬಣ್ಣ ಸರಿಯಿಲ್ಲ

ಗಸಿಯನ್ನು ಬೆಳಕಿಗೆ ಹಿಡಿದು ನೋಡುವುದು ಯಾವ ಯಂತ್ರಕ್ಕೂ ಕಡಿಮೆಯಲ್ಲದ ಪರೀಕ್ಷೆ. ಒಳ್ಳೆಯ ಇನ್‌ಕ್ಲೂಷನ್ ಬಾಡಿ ಒದ್ದೆ ಸುಣ್ಣದಂತೆ ಬಿಳಿಯಾಗಿ, ಗಟ್ಟಿಯಾಗಿ ಕೂರುತ್ತದೆ. ಅದರ ಮೇಲೆ ಕಂದು ಬಣ್ಣದ, ಜಾರುವ ಪೊರೆಯೊಂದು ಕೂತಿದ್ದರೆ ಅದು ಕೋಶಭಿತ್ತಿಯ ಚೂರು ಮತ್ತು ಒಡೆಯದ ಕೋಶ. ಮೇಲಿನ ಪದರವನ್ನು ಬಫರ್‌ನಿಂದ ಮೆಲ್ಲಗೆ ತೊಳೆದು ತೆಗೆಯಬಹುದು. ಆದರೆ ಪದರ ದಪ್ಪಗಿದ್ದರೆ ಕೋಶಗಳೇ ಪೂರ್ತಿ ಒಡೆದಿಲ್ಲ, ಹಿಂದಕ್ಕೆ ಹೋಗಿ. ಜೆಲ್‌ನಲ್ಲಿ 35ರಿಂದ 40 ಕಿಲೋಡಾಲ್ಟನ್ ನಡುವೆ ದಪ್ಪ ಪಟ್ಟಿ ಕಂಡರೆ ಹೊರಪೊರೆಯ ಪ್ರೋಟೀನುಗಳು ಉಳಿದಿವೆ ಎಂದರ್ಥ. ಗಸಿಯನ್ನು ಪೂರ್ತಿ ಪುಡಿಮಾಡಿ ಕದಡದೆ ತೊಳೆದಾಗ ಹೀಗಾಗುತ್ತದೆ. ಉಂಡೆ ಉಂಡೆಯಾಗಿ ತೇಲುವ ಗಸಿಯ ಒಳಗೆ ಟ್ರೈಟಾನ್ ಇಳಿಯುವುದೇ ಇಲ್ಲ.

ಟ್ರೈಟಾನ್ ತೊಳೆದ ಮೇಲೆ ಅದನ್ನೂ ತೊಳೆಯಬೇಕು. ಟ್ರೈಟಾನ್ ಎಕ್ಸ್-100 ಸ್ವತಃ 280 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ಉಳಿದುಕೊಂಡರೆ ಮುಂದಿನ ಎಲ್ಲ ಅಳತೆಯಲ್ಲೂ ಇಲ್ಲದ ಪ್ರೋಟೀನು ಕಾಣುತ್ತದೆ.

ಕರಗಿಸುವ ದ್ರಾವಣದಲ್ಲಿ ಅಡಗಿದ ಎರಡು ತಪ್ಪು

ಮೊದಲನೆಯದು ಡಿಟಿಟಿ. ಪಿಎಚ್ 8.5, 20 ಡಿಗ್ರಿಯಲ್ಲಿ ಇದರ ಅರ್ಧಾಯುಷ್ಯ ಸುಮಾರು 1.4 ಗಂಟೆ, ಪಿಎಚ್ 6.5ರಲ್ಲಾದರೆ 40 ಗಂಟೆ. ಬೆಳಿಗ್ಗೆ ಮಾಡಿಟ್ಟ ಬಫರ್ ಸಂಜೆಗೆ ಬರೀ ಯೂರಿಯಾ. ಇನ್‌ಕ್ಲೂಷನ್ ಬಾಡಿಯಲ್ಲಿ ಮೊದಲೇ ಆಗಿರುವ ತಪ್ಪು ಕೊಂಡಿಗಳು ಹಾಗೇ ಉಳಿದು ಮಡಿಕೆಯಲ್ಲಿ ಮುದ್ದೆಯಾಗುತ್ತವೆ. ಡಿಟಿಟಿಯನ್ನು ಗಸಿ ಕದಡುವ ಹೊತ್ತಿಗೇ ಪುಡಿಯಾಗಿ ತೂಗಿ ಹಾಕಿ. ರಾತ್ರಿಯಿಡೀ ಕರಗಲು ಬಿಡುವ ಅಭ್ಯಾಸ ಇದ್ದರೆ ಬಿಡಿ. ಒಂದೂವರೆ ಗಂಟೆಯಲ್ಲಿ ಕರಗದ್ದು ಬೆಳಗಾದರೂ ಕರಗುವುದಿಲ್ಲ.

ಎರಡನೆಯದು ಯೂರಿಯಾ. ನೀರಿನಲ್ಲಿ ಅದು ನಿಧಾನವಾಗಿ ಸಯನೇಟ್ ಆಗುತ್ತದೆ. ಸಯನೇಟ್ ಪ್ರೋಟೀನಿನ ಲೈಸೀನ್ ಮತ್ತು ತುದಿಯ ಅಮೈನೋ ಗುಂಪಿಗೆ ಅಂಟಿ, ಪ್ರತಿ ಅಂಟಿಗೆ 43 ಡಾಲ್ಟನ್ ತೂಕ ಸೇರಿಸಿ, ಒಂದು ಧನ ವಿದ್ಯುದಂಶವನ್ನು ಕಳೆಯುತ್ತದೆ. ಇದು ಇಲ್ಲಿ ಕಾಣುವುದೇ ಇಲ್ಲ. ನಾಲ್ಕು ದಿನದ ನಂತರ ಎಸ್‌ಪಿ ಕಾಲಂನಲ್ಲಿ ಮುಖ್ಯ ಶಿಖರದ ಮುಂದೆ ಒಂದು ಭುಜ ಎದ್ದಾಗ ಗೊತ್ತಾಗುತ್ತದೆ, ಆಗ ಬೇರ್ಪಡಿಸುವುದು ಬಲು ಕಷ್ಟ. 8 ಮೋಲಾರ್ ಯೂರಿಯಾವನ್ನು ಅಂದಂದೇ ಕರಗಿಸಿ, ಬಿಸಿ ಮಾಡಬೇಡಿ. ಕರಗುವಾಗ ಪಾತ್ರೆ ತಣ್ಣಗಾಗುತ್ತದೆ, ಬೇಗ ಆಗಲೆಂದು ಹೀಟರ್ ಮೇಲಿಡುವವರೇ ಹೆಚ್ಚು. ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಇಟ್ಟು ಕದಡಿದರೆ ಸಾಕು. ಮಿಕ್ಸ್‌ಡ್ ಬೆಡ್ ರಾಳದ ಮೂಲಕ ಹಾಯಿಸಿ, ಆಮೇಲೆ ಟ್ರಿಸ್ ಸೇರಿಸಿ. ಟ್ರಿಸ್‌ನ ಅಮೈನೋ ಗುಂಪು ಉಳಿದ ಸಯನೇಟನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಈ ಹಂತದಲ್ಲಿ ಫಾಸ್ಫೇಟ್ ಬಿಟ್ಟು ಟ್ರಿಸ್ ಆರಿಸುವುದಕ್ಕೆ ಅದೂ ಒಂದು ಕಾರಣ.

ಯೂರಿಯಾ ಗೊಡವೆಯೇ ಬೇಡವೆಂದು 6 ಮೋಲಾರ್ ಗ್ವಾನಿಡೀನ್ ಬಳಸುವವರಿದ್ದಾರೆ. ಕರಗಿಸುವುದರಲ್ಲಿ ಅದು ಮೇಲು, ಸಯನೇಟ್ ಭಯವೂ ಇಲ್ಲ. ಅದರ ಸಾಲ ತೀರಿಸುವುದು ಕಾಲಂ ಬಳಿ. ಜೆಲ್ ಹಾಕುವಾಗಲೂ ಎಚ್ಚರ: ಗ್ವಾನಿಡೀನ್ ಇರುವ ಮಾದರಿಗೆ ಎಸ್‌ಡಿಎಸ್ ಸೇರಿಸಿದೊಡನೆ ಬಿಳಿ ಗಸಿ ಕೂರುತ್ತದೆ. ಅದು ಪ್ರೋಟೀನಲ್ಲ, ಎಸ್‌ಡಿಎಸ್‌ನದೇ ಲವಣ. ಒಂಬತ್ತು ಪಾಲು ತಣ್ಣನೆಯ ಎಥನಾಲ್ ಹಾಕಿ ಪ್ರೋಟೀನನ್ನು ಇಳಿಸಿ, ತೊಳೆದು, ಆಮೇಲೆ ಜೆಲ್‌ಗೆ ಹಾಕಿ.

ಮಡಿಕೆಯ ಪಾತ್ರೆ ಮಸುಕಾಗಿದೆ

ಅತಿ ಹೆಚ್ಚು ಪ್ರೋಟೀನು ಹಾಳಾಗುವುದು ಇಲ್ಲಿಯೇ. ಕೇಳಬೇಕಾದ ಮೊದಲ ಪ್ರಶ್ನೆ: ಯಾವಾಗ ಮಸುಕಾಯಿತು?

ಪ್ರೋಟೀನು ಇಳಿಸುತ್ತಿದ್ದ ಹಾಗೇ ಹಾಲು ಚೆಲ್ಲಿದಂತೆ ಬಿಳಿ ಎಳೆ ಹರಡಿದರೆ ತಪ್ಪು ಬೆರೆಸುವುದರಲ್ಲಿದೆ. ಹನಿ ಬೀಳುವ ಜಾಗದಲ್ಲಿ ಕ್ಷಣಕಾಲ ಸಾಂದ್ರತೆ ಹಲವು ಪಟ್ಟು ಏರಿ, ಮಡಿಯುವ ಮೊದಲೇ ಅಣುಗಳು ಒಂದಕ್ಕೊಂದು ಅಂಟುತ್ತವೆ. ಪಂಪಿನ ಕೊಳವೆಯ ತುದಿ ಕದಡುವ ರೆಕ್ಕೆಯ ಹತ್ತಿರ, ದ್ರವದ ಒಳಗೆ ಇರಲಿ. ಒಂದು ಲೀಟರ್ ಪಾತ್ರೆಗೆ 50 ಮಿ.ಲೀ. ಇಳಿಸಲು ಎರಡು ಗಂಟೆ ತೆಗೆದುಕೊಳ್ಳಿ. ಆಗಲೂ ಮಸುಕಾದರೆ ಕೊನೆಯ ಸಾಂದ್ರತೆಯನ್ನು ಮಿ.ಲೀ.ಗೆ 0.2ರಿಂದ 0.1 ಮಿ.ಗ್ರಾಂಗೆ ಇಳಿಸಿ. ಕಣ್ಣಂದಾಜು ಬೇಡ, 350 ನ್ಯಾನೋಮೀಟರ್‌ನಲ್ಲಿ ಮಸುಕನ್ನು ಅಳೆದು ಬರೆದಿಡಿ.

ಇಳಿಸಿದಾಗ ತಿಳಿಯಾಗಿದ್ದು, ಬೆಳಗಾಗುವಷ್ಟರಲ್ಲಿ ಮಸುಕಾಗಿದ್ದರೆ ಅದು ಬೇರೆ ಕಾಯಿಲೆ. ಅಣುಗಳು ಮಡಿದಿವೆ, ಕೊಂಡಿ ಕಟ್ಟಿಲ್ಲ ಅಥವಾ ತಪ್ಪು ಕಡೆ ಕಟ್ಟಿವೆ. ಇಲ್ಲಿ ಲೆಕ್ಕ ಹಾಕಬೇಕು. ಕರಗಿಸಿದ ದ್ರಾವಣದ 10 ಮಿಲಿಮೋಲಾರ್ ಡಿಟಿಟಿ 20 ಪಟ್ಟು ತೆಳುವಾಗಿ 0.5 ಮಿಲಿಮೋಲಾರ್ ಆಗುತ್ತದೆ. ಒಂದು ಡಿಟಿಟಿ ಒಂದು ಆಕ್ಸಿಡೈಸ್ಡ್ ಗ್ಲುಟಾಥಯೋನ್ ಅನ್ನು ತಿಂದು ಎರಡು ರೆಡ್ಯೂಸ್ಡ್ ಗ್ಲುಟಾಥಯೋನ್ ಬಿಡುತ್ತದೆ. 1 ಮಿಲಿಮೋಲಾರ್ ಇಟ್ಟಿದ್ದರೆ ಉಳಿಯುವುದು ಸುಮಾರು 0.5 ಆಕ್ಸಿಡೈಸ್ಡ್, 1 ರೆಡ್ಯೂಸ್ಡ್. ಈ ಒಂದಕ್ಕೆ ಎರಡರ ಅನುಪಾತವೇ ನಮಗೆ ಬೇಕಾದದ್ದು, ಅದಕ್ಕೇ ಬಫರ್‌ಗೆ ರೆಡ್ಯೂಸ್ಡ್ ಗ್ಲುಟಾಥಯೋನ್ ಬೇರೆಯಾಗಿ ಹಾಕಿಲ್ಲ. ಇನ್ನೊಬ್ಬರು 'ಚೆನ್ನಾಗಿ ಕರಗಲಿ' ಎಂದು ಡಿಟಿಟಿಯನ್ನು 20 ಮಿಲಿಮೋಲಾರ್ ಮಾಡಿದರೆ ಆಕ್ಸಿಡೈಸ್ಡ್ ಗ್ಲುಟಾಥಯೋನ್ ಪೂರ್ತಿ ಖಾಲಿ. ಪಾತ್ರೆಯಲ್ಲಿ ಕೊಂಡಿ ಕಟ್ಟಿಸುವವರೇ ಇಲ್ಲ. ಕರಗಿಸುವ ಬಫರ್‌ನಲ್ಲಿ ಏನು ಬದಲಿಸಿದರೂ ಮಡಿಕೆಯ ಬಫರ್‌ನ ಲೆಕ್ಕ ಮತ್ತೆ ಮಾಡಿ.

ಪಿಎಚ್ ಕೂಡ ಇಲ್ಲಿ ಮೋಸ ಮಾಡುತ್ತದೆ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿ ತಣ್ಣಗಾದಂತೆ ಸುಮಾರು 0.028 ಏರುತ್ತದೆ. 25 ಡಿಗ್ರಿಯಲ್ಲಿ 8.2ಕ್ಕೆ ಹೊಂದಿಸಿದ ಬಫರ್ ಶೀತಕೋಣೆಯ 8 ಡಿಗ್ರಿಯಲ್ಲಿ 8.7ರ ಹತ್ತಿರ ಇರುತ್ತದೆ. ಅಷ್ಟು ಸಾಕು ಒಂಟಿ ಸಿಸ್ಟೀನ್ ರಂಪ ಎಬ್ಬಿಸಲು. ಬಳಸುವ ತಾಪಮಾನದಲ್ಲಿಯೇ ಪಿಎಚ್ ಹೊಂದಿಸಿ.

ಕೊಂಡಿ ಕಟ್ಟಿದೆಯೇ ಎಂದು ನೋಡಲು ರಿವರ್ಸ್ ಫೇಸ್ ಎಚ್‌ಪಿಎಲ್‌ಸಿಯಷ್ಟು ನೇರ ಸಾಕ್ಷಿ ಬೇರೆ ಇಲ್ಲ. ಸರಿಯಾಗಿ ಮಡಿದ ರೂಪ ಮೊದಲು ಬರುತ್ತದೆ, ಕೊಂಡಿ ಇಲ್ಲದ್ದು ತಡವಾಗಿ ಬರುತ್ತದೆ, ಒಂದೇ ಕೊಂಡಿ ಇರುವ ಮಧ್ಯಂತರ ರೂಪ ಇವೆರಡರ ನಡುವೆ. 36 ಮತ್ತು 42ರ ಕೊಂಡಿ ಬೇಗ ಕೂಡುತ್ತದೆ, 64 ಮತ್ತು 74ರದು ನಿಧಾನ. ಹಾಗಾಗಿ ಎರಡನೇ, ನಾಲ್ಕನೇ, ಎಂಟನೇ, ಹದಿನೆಂಟನೇ ಗಂಟೆಯ ಮಾದರಿಗಳನ್ನು ಸಾಲಾಗಿ ಓಡಿಸಿ. ಮಧ್ಯಂತರದ ಶಿಖರ ಕರಗುತ್ತಾ ಮೊದಲಿನದು ಏರುತ್ತಿದ್ದರೆ ಸುಮ್ಮನೆ ಕಾಯಿರಿ. ಎಂಟನೇ ಗಂಟೆಯಿಂದ ಏನೂ ಅಲುಗಾಡಿಲ್ಲವೆಂದರೆ ಕಾದು ಫಲವಿಲ್ಲ, ಗ್ಲುಟಾಥಯೋನ್ ಮುಗಿದಿದೆ. ಹಳೆಯ ವಿಧಾನವೊಂದರಲ್ಲಿ ಸಾರ್ಕೋಸಿಲ್‌ನಲ್ಲಿ ಕರಗಿಸಿ, ತಾಮ್ರದ ಸಲ್ಫೇಟ್‌ನಿಂದ ಕೊಂಡಿ ಕಟ್ಟಿಸುತ್ತಾರೆ. ಆ ದಾರಿ ಹಿಡಿದವರು ಬಫರ್‌ನಲ್ಲಿ ಇಡಿಟಿಎ ಉಳಿಸಿಕೊಂಡರೆ ತಾಮ್ರ ಕೆಲಸ ಮಾಡದು, ತಾಮ್ರವನ್ನು ಕೊನೆಯಲ್ಲಿ ತೆಗೆಯದಿದ್ದರೆ ಅದೇ ಮೆಥಿಯೋನಿನ್‌ಗಳನ್ನು ಸುಡುತ್ತದೆ.

ಇಳುವರಿಯ ಲೆಕ್ಕ ಹಾಕುವಾಗ 280 ನ್ಯಾನೋಮೀಟರ್ ನಂಬಬೇಡಿ. ಆಕ್ಸಿಡೈಸ್ ಆದ ಡಿಟಿಟಿ ಅಲ್ಲಿ ಬೆಳಕು ಹೀರುತ್ತದೆ. 0.5 ಮಿಲಿಮೋಲಾರ್ ಇದ್ದರೆ ಸುಮಾರು 0.14ರಷ್ಟು. ಮಿ.ಲೀ.ಗೆ 1 ಮಿ.ಗ್ರಾಂ ಜಿ-ಸಿಎಸ್‌ಎಫ್ 0.84ರ ಆಸುಪಾಸು ತೋರಿಸುವುದರಿಂದ, ಈ 0.14 ಎಂದರೆ ಸುಮಾರು 0.17 ಮಿ.ಗ್ರಾಂ ಸುಳ್ಳು ಪ್ರೋಟೀನು. ಇರುವ ಪ್ರೋಟೀನೇ 0.2. ಬ್ರಾಡ್‌ಫರ್ಡ್ ವಿಧಾನ ಬಳಸಿ, ಇಲ್ಲವೇ ಎಚ್‌ಪಿಎಲ್‌ಸಿಯ ಶಿಖರದ ವಿಸ್ತೀರ್ಣದಿಂದ ಲೆಕ್ಕ ಹಾಕಿ. 'ಮಡಿಕೆಯಲ್ಲಿ ಇಳುವರಿ ಭರ್ಜರಿ, ಕಾಲಂನಲ್ಲಿ ಅರ್ಧ ಮಾಯ' ಎಂಬ ದೂರಿನ ಮೂಲ ಬಹುಪಾಲು ಇದೇ.

ಆಮ್ಲಕ್ಕೆ ತರುವಾಗ ನಷ್ಟ

ಪಿಎಚ್ 8.2ರಿಂದ 4.5ಕ್ಕೆ ಇಳಿಯುವಾಗ 6.1 ದಾಟಲೇಬೇಕು. ಆ ಬಿಂದುವಿನಲ್ಲಿ ಅಣುವಿನ ನಿವ್ವಳ ವಿದ್ಯುದಂಶ ಸೊನ್ನೆ, ಒಂದನ್ನೊಂದು ದೂರ ತಳ್ಳುವ ಬಲ ಇಲ್ಲ. 6.5ರಿಂದ 5.3ರವರೆಗಿನ ಹಾದಿಯನ್ನು ಎರಡು ಮೂರು ನಿಮಿಷದಲ್ಲಿ ಮುಗಿಸಿ. ಪಿಎಚ್ ಮೀಟರ್ ಸ್ಥಿರವಾಗಲೆಂದು 6ರ ಬಳಿ ನಿಂತು ಕಾಯುವುದೇ ದೊಡ್ಡ ತಪ್ಪು. 50 ಮಿ.ಲೀ. ಮಾದರಿಯ ಮೇಲೆ ಮೊದಲೇ ಪರೀಕ್ಷಿಸಿ ಎಷ್ಟು ಆಮ್ಲ ಬೇಕೆಂದು ಗೊತ್ತುಮಾಡಿಕೊಂಡರೆ ಪೂರ್ತಿ ಪಾತ್ರೆಗೆ ಒಮ್ಮೆಗೇ ಸುರಿಯಬಹುದು. ಗಾಢ ಅಸಿಟಿಕ್ ಆಮ್ಲ ಬೇಡ, ಬಿದ್ದ ಜಾಗದಲ್ಲೇ ಪ್ರೋಟೀನನ್ನು ಕೆಡಿಸುತ್ತದೆ.

4.5ರಲ್ಲಿ ಗಸಿ ಕೂರುವುದು ದೋಷವಲ್ಲ. ಬ್ಯಾಕ್ಟೀರಿಯಾದ ಎಷ್ಟೋ ಪ್ರೋಟೀನುಗಳು, ಸರಿಯಾಗಿ ಮಡಿಯದ ಜಿ-ಸಿಎಸ್‌ಎಫ್ ಇಲ್ಲೇ ಕೆಳಗಿಳಿಯುತ್ತವೆ. ಗಾಬರಿಯಿಂದ ಪಿಎಚ್ ಹಿಂದಕ್ಕೆ ಏರಿಸಬೇಡಿ. ಗಸಿಯನ್ನು ಜೆಲ್‌ನಲ್ಲಿ ನೋಡಿ: 18.8 ಕಿಲೋಡಾಲ್ಟನ್ ಪಟ್ಟಿ ತಿಳಿಯಲ್ಲಿ ಇರುವುದಕ್ಕಿಂತ ಗಸಿಯಲ್ಲೇ ದಪ್ಪಗಿದ್ದರೆ ಮಾತ್ರ ಮಡಿಕೆಯ ಹಂತ ಕೆಟ್ಟಿದೆ.

ಬಫರ್ ಬದಲಿಸಲು 10 ಕಿಲೋಡಾಲ್ಟನ್ ಪೊರೆ ಸಾಮಾನ್ಯವಾಗಿ ಸಾಕು, ಆದರೆ ಅಂಚಿನದು. ಹೊರಹೋಗುವ ದ್ರವವನ್ನು ಚೆಲ್ಲುವ ಮೊದಲು ಒಮ್ಮೆ ಪರೀಕ್ಷಿಸಿ, ಸೋರಿದರೆ 5ಕ್ಕೆ ಬದಲಿಸಿ. ಹಿಂತಿರುಗುವ ಕೊಳವೆ ದ್ರವದ ಮಟ್ಟಕ್ಕಿಂತ ಕೆಳಗಿರಲಿ. ನೊರೆಯೆದ್ದರೆ ಪ್ರೋಟೀನು ಕೆಡುತ್ತದೆ.

ಕಾಲಂ ಹಿಡಿಯುತ್ತಿಲ್ಲ

ಹಾಕಿದ್ದೆಲ್ಲ ನೇರವಾಗಿ ಹರಿದುಹೋದರೆ ಮೊದಲು ವಾಹಕತೆ ಅಳೆಯಿರಿ. ಸೆಂಟಿಮೀಟರಿಗೆ 5 ಮಿಲಿಸೀಮೆನ್ಸ್ ಒಳಗಿರಬೇಕು. ಯೂರಿಯಾಗೆ ವಿದ್ಯುದಂಶ ಇಲ್ಲ, ಅದು ಉಳಿದರೂ ತೊಂದರೆಯಿಲ್ಲ. ಗ್ವಾನಿಡೀನ್ ಹಾಗಲ್ಲ. 6 ಮೋಲಾರ್ 20 ಪಟ್ಟು ತೆಳುವಾದರೂ 0.3 ಮೋಲಾರ್ ಉಳಿಯುತ್ತದೆ, ಅಷ್ಟು ಉಪ್ಪಿನಲ್ಲಿ ಪ್ರೋಟೀನು ರಾಳವನ್ನು ಹಿಡಿಯುವ ಮಾತೇ ಇಲ್ಲ. ಮಡಿಕೆಗೆ ಆರ್ಜಿನೀನ್ ಬಳಸಿದವರಿಗೂ ಇದೇ ಗತಿ. ರಾಳ ಹಳತಾಯಿತೆಂದು ದೂರುವ ಮೊದಲು ಡಯಾಫಿಲ್ಟ್ರೇಷನ್ (ಪೊರೆಯ ಮೂಲಕ ಬಫರ್ ಬದಲಿಸುವುದು) ಆರು ಏಳು ಪಟ್ಟು ಬಫರ್‌ನಿಂದ ನಡೆದಿದೆಯೇ ನೋಡಿ.

ಹಿಡಿದದ್ದು ಇಳಿಯುತ್ತಿಲ್ಲವೆಂದರೆ ಕಾಲಂ ತಲೆಯ ಮೇಲೆ ಪ್ರೋಟೀನು ಗಸಿಯಾಗಿ ಕೂತಿರಬಹುದು, ಒತ್ತಡ ಏರುತ್ತದೆ. ರಾಳದ ಮಿ.ಲೀ.ಗೆ 15 ಮಿ.ಗ್ರಾಂಗಿಂತ ಹೆಚ್ಚು ಹಾಕಬೇಡಿ. ಇಳಿಸಿಕೊಂಡ ಮೇಲೆ ಉಪ್ಪಿನಲ್ಲೇ ವಾರಾಂತ್ಯ ಕಳೆಯಲು ಬಿಡಬೇಡಿ. ಸಾಂದ್ರ ಪ್ರೋಟೀನು, ಉಪ್ಪು ಜೊತೆಗಿದ್ದರೆ ಆಮ್ಲದಲ್ಲೂ ಮುದ್ದೆಗಟ್ಟುತ್ತದೆ.

ಪಕ್ಕದ ಶಿಖರ ಯಾವುದು? ತೂಕ ಹೇಳುತ್ತದೆ

ಮುಖ್ಯ ಶಿಖರದ ಅಕ್ಕಪಕ್ಕ ಏನಾದರೂ ಎದ್ದರೆ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸಿ, ಊಹೆ ಬೇಡ. 18,799ರ ಬದಲು 18,803 ಬಂದರೆ ಎರಡೂ ಕೊಂಡಿ ಕಟ್ಟಿಲ್ಲ. 18,815 ಎಂದರೆ ಒಂದು ಮೆಥಿಯೋನಿನ್ ಆಕ್ಸಿಡೈಸ್ ಆಗಿದೆ. ಲೋಹದ ಅಂಶ ಅಥವಾ ಹಳೆಯ ಪಾಲಿಸಾರ್ಬೇಟ್‌ನಲ್ಲಿ ಹುಟ್ಟಿದ ಪೆರಾಕ್ಸೈಡ್ ಕಾರಣ, ಬಾಟಲಿ ತೆರೆದ ದಿನಾಂಕ ನೋಡಿ. 18,842 ಎಂದರೆ ಯೂರಿಯಾದ ಸಯನೇಟ್. 19,104 ಬಂದರೆ ಗ್ಲುಟಾಥಯೋನ್ ಒಂಟಿ ಸಿಸ್ಟೀನ್‌ಗೆ ಅಂಟಿಕೊಂಡಿದೆ, ಆಕ್ಸಿಡೈಸ್ಡ್ ಗ್ಲುಟಾಥಯೋನ್ ಹೆಚ್ಚಾಗಿತ್ತು. ಒಂದೇ ಡಾಲ್ಟನ್ ಹೆಚ್ಚಿ ಅಯಾನ್ ಕಾಲಂನಲ್ಲಿ ಮುಂದೆ ಬಂದರೆ ಡಿಅಮಿಡೇಷನ್, ಅಂದರೆ ಅಮೈಡ್ ಗುಂಪೊಂದು ಆಮ್ಲವಾಗಿದೆ.

ಎರಡು ತೂಕಗಳಿಗೆ ಮಾತ್ರ ಶುದ್ಧೀಕರಣದಲ್ಲಿ ಉತ್ತರವಿಲ್ಲ. 18,827 ಎಂದರೆ ತುದಿಯ ಮೆಥಿಯೋನಿನ್ ಮೇಲೆ ಫಾರ್ಮಿಲ್ ಗುಂಪು ಉಳಿದಿದೆ. 18,781 ಎಂದರೆ ಮೆಥಿಯೋನಿನ್ ಜಾಗದಲ್ಲಿ ನಾರ್‌ಲ್ಯೂಸೀನ್ ಕೂತಿದೆ. ಇವು ಹುದುಗುವಿಕೆಯ ತೊಟ್ಟಿಯಲ್ಲೇ ಆದ ತಪ್ಪು. ಕೋಶಗಳು ತಾಳಲಾರದಷ್ಟು ವೇಗವಾಗಿ ಪ್ರೋಟೀನು ಕಟ್ಟಿದಾಗ, ಮೆಥಿಯೋನಿನ್ ಸಾಲದಾದಾಗ ಹೀಗಾಗುತ್ತದೆ. ಮೆಥಿಯೋನಿನ್ ಉಣಿಸಿ, ಪ್ರಚೋದನೆಯ ನಂತರ ವೇಗ ತಗ್ಗಿಸಿ.

ಎಂಡೋಟಾಕ್ಸಿನ್ ಇಳಿಯುತ್ತಿಲ್ಲ

ಪಿಎಚ್ 4.5ರಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ, ಜ್ವರ ತರಿಸುವ ವಸ್ತು) ಋಣ, ಪ್ರೋಟೀನು ಧನ. ಸ್ವಲ್ಪ ಪಾಲು ಪ್ರೋಟೀನನ್ನೇ ತಬ್ಬಿಕೊಂಡು ಕಾಲಂ ಮೇಲೆ ಕೂರುತ್ತದೆ. ಇಳಿಸುವ ಮೊದಲು 0.1% ಟ್ರೈಟಾನ್ ಎಕ್ಸ್-100 ಇರುವ ಅಸಿಟೇಟ್‌ನಿಂದ ಹದಿನೈದು ಕಾಲಂ ಪ್ರಮಾಣ ತೊಳೆಯಿರಿ. ನಂತರ ಟ್ರೈಟಾನ್ ಇಲ್ಲದ ಬಫರ್‌ನಿಂದ 280ರ ಗೆರೆ ತಳಕ್ಕೆ ಬರುವವರೆಗೆ ತೊಳೆಯಿರಿ. ಆಗಲೂ ಇಳಿಯದಿದ್ದರೆ ನೀರು, ಗಾಜು, ಕಾಲಂ ಮೂರನ್ನೂ ಅನುಮಾನಿಸಿ. ಗಾಜನ್ನು 250 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಕಾಯಿಸಿ, ಕಾಲಂಗೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಒಂದು ಗಂಟೆ.

ಪರೀಕ್ಷೆಯೇ ತಪ್ಪಿರಲೂಬಹುದು. ಎಂಡೋಟಾಕ್ಸಿನ್ ಪತ್ತೆಗೆ ಬಳಸುವ ಎಲ್‌ಎಎಲ್ ಕಿಣ್ವ ಪಿಎಚ್ 6ರಿಂದ 8ರೊಳಗೆ ಮಾತ್ರ ಸರಿಯಾಗಿ ನಡೆಯುತ್ತದೆ. ಪಿಎಚ್ 4ರ ಮಾದರಿ ಹಾಗೇ ಹಾಕಿದರೆ ಸುಳ್ಳು ಸೊನ್ನೆ ಬರುತ್ತದೆ, ಇದು ಹೆಚ್ಚು ಅಪಾಯ. ಗೊತ್ತಿರುವ ಪ್ರಮಾಣ ಬೆರೆಸಿ 50ರಿಂದ 200% ಮರಳಿ ಸಿಗುತ್ತದೆಯೇ ನೋಡಿ. ಸೆಲ್ಯುಲೋಸ್ ಫಿಲ್ಟರ್‌ನ ಗ್ಲೂಕಾನ್ ಎಂಡೋಟಾಕ್ಸಿನ್‌ನಂತೆ ನಟಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಚುಚ್ಚುಮದ್ದಿಗೆ ಸಾಮಾನ್ಯ ಮಿತಿ ದೇಹತೂಕದ ಕಿಲೋಗೆ ಗಂಟೆಗೆ 5 ಎಂಡೋಟಾಕ್ಸಿನ್ ಘಟಕ. ಹುಟ್ಟುಕೊರತೆಯ ಮಕ್ಕಳಿಗೆ ಆರಂಭದ ಪ್ರಮಾಣ ಕಿಲೋಗೆ 6 ಮೈಕ್ರೋಗ್ರಾಂ, ದಿನಕ್ಕೆ ಎರಡು ಸಲ. ಲೆಕ್ಕ ಹಾಕಿದರೆ ಮಿ.ಗ್ರಾಂಗೆ 800 ಘಟಕದವರೆಗೂ ಅವಕಾಶ ಇದ್ದಂತೆ ಕಾಣುತ್ತದೆ. ಅದನ್ನು ಗುರಿಯಾಗಿ ಹಿಡಿಯಬೇಡಿ. ವರ್ಷಗಟ್ಟಲೆ, ದಿನಕ್ಕೆರಡು ಸಲ ಚುಚ್ಚಿಸಿಕೊಳ್ಳುವ ಮಗುವಿನ ಮೈಗೆ ಹೋಗುವ ವಸ್ತು ಇದು. ಕಾಲಂ ತೊಳೆತ ಸರಿಯಾಗಿದ್ದರೆ ಒಂದೆರಡು ಘಟಕಕ್ಕೆ ಇಳಿಸುವುದು ಕಷ್ಟವಲ್ಲ.

ಎಲ್ಲ ಶುದ್ಧ, ಆದರೆ ಚಟುವಟಿಕೆ ಕಡಿಮೆ

ಜೆಲ್ ಚೊಕ್ಕ, ಎಚ್‌ಪಿಎಲ್‌ಸಿ ಚೊಕ್ಕ, ಆದರೂ ಜಿ-ಸಿಎಸ್‌ಎಫ್‌ಗೆ ಸ್ಪಂದಿಸಿ ಬೆಳೆಯುವ ಎಂ-ಎನ್‌ಎಫ್‌ಎಸ್-60 ಕೋಶಗಳ ಪರೀಕ್ಷೆಯಲ್ಲಿ ಅಂಕಿ ಅರ್ಧ. ಮೊದಲು ಪ್ರೋಟೀನಿನ ಅಳತೆ ನೋಡಿ. ಟ್ರೈಟಾನ್ ಉಳಿದು 280ರಲ್ಲಿ ಹೆಚ್ಚು ತೋರಿಸಿದ್ದರೆ ಮಿ.ಗ್ರಾಂ ಒಂದರ ಚಟುವಟಿಕೆ ಕಡಿಮೆ ಕಾಣುವುದು ಸಹಜ. ಎರಡನೆಯದು ಪ್ಲಾಸ್ಟಿಕ್. ಈ ಕೋಶಗಳು ಮಿ.ಲೀ.ಗೆ ಪಿಕೋಗ್ರಾಂ ಮಟ್ಟದಲ್ಲಿ ಸ್ಪಂದಿಸುತ್ತವೆ. ಅಷ್ಟು ತೆಳುವಾಗಿಸುವ ಹಾದಿಯಲ್ಲಿ ಪ್ರೋಟೀನು ಟ್ಯೂಬಿನ ಗೋಡೆಗೆ ಅಂಟಿ ಮುಗಿದೇಹೋಗುತ್ತದೆ. ಮೊದಲ ತೆಳುವಾಗಿಸುವಿಕೆಯಿಂದಲೇ 0.1% ಆಲ್ಬುಮಿನ್ ಇರುವ ಮಾಧ್ಯಮ ಬಳಸಿ, ಪ್ರತಿ ಸಲ ಹೊಸ ಟಿಪ್ ಹಾಕಿ, ಅಂತರರಾಷ್ಟ್ರೀಯ ಮಾನದಂಡದ ಮಾದರಿಯನ್ನು ಅದೇ ತಟ್ಟೆಯಲ್ಲಿ ಪಕ್ಕದಲ್ಲೇ ಓಡಿಸಿ. ಎರಡು ರೇಖೆಗಳು ಸಮಾಂತರವಾಗಿಲ್ಲದಿದ್ದರೆ ಆ ತಟ್ಟೆಯ ಅಂಕಿಗೆ ಬೆಲೆಯಿಲ್ಲ.

ಉಪ್ಪಿನಲ್ಲಿ ಮುದ್ದೆಗಟ್ಟುವುದು, ಪ್ಲಾಸ್ಟಿಕ್‌ಗೆ ಅಂಟುವುದು, ಈ ಎರಡು ಗುಣಗಳು ಆಸ್ಪತ್ರೆಯಲ್ಲೂ ಬೆನ್ನುಹತ್ತುತ್ತವೆ. ಸಿರೆಯ ಮೂಲಕ ಕೊಡಲು ತೆಳುವಾಗಿಸುವಾಗ ಕೈಗೆ ಸಿಕ್ಕ ಸಲೈನ್ ಬಾಟಲಿ ಬಳಸಿದರೆ ಪ್ರೋಟೀನು ಗಸಿಯಾಗಬಹುದು. 5% ಡೆಕ್ಸ್‌ಟ್ರೋಸ್ ಮಾತ್ರ ಬಳಸಬೇಕು. ಮಿ.ಲೀ.ಗೆ 5ರಿಂದ 15 ಮೈಕ್ರೋಗ್ರಾಂವರೆಗೆ ಇಳಿಸುವುದಾದರೆ ಪ್ಲಾಸ್ಟಿಕ್‌ಗೆ ಅಂಟದಂತೆ ಮಿ.ಲೀ.ಗೆ 2 ಮಿ.ಗ್ರಾಂ ಮಾನವ ಆಲ್ಬುಮಿನ್ ಸೇರಿಸಬೇಕು, 5ಕ್ಕಿಂತ ಕೆಳಗೆ ಇಳಿಸಲೇಬಾರದು. ಸೀಸೆಯನ್ನು ಕುಲುಕಬಾರದು. ಕುಲುಕಿ ನೊರೆಯೆದ್ದ ಸೀಸೆಯನ್ನು ಬಳಸದೆ ಪಕ್ಕಕ್ಕಿಡಿ.